ಸೋಸುವ ಬಟ್ಟೆಗೆ ಹತ್ತಿದ ಭಂಡಾರ

ಹೋದ ವಾರ ಅಡುಗೆಮನೆಯ ನೀರು ಸೋಸುವ ಮಷಿನ್ ಕೈಕೊಟ್ಟಿತು. ರಿಪೇರಿಯವನು ಬಂದು, ಅದರ ಹೊಟ್ಟೆ ಬಿಚ್ಚಿ, ಒಳಗಿದ್ದ ಬಿಳಿ ನೂಲಿನ ಉಂಡೆಯಂಥದ್ದೊಂದನ್ನು ತೆಗೆದು ನನ್ನ ಕೈಗಿಟ್ಟ. ಬಿಳಿ ಎಲ್ಲಿತ್ತು, ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ನೋಡ್ರಿ ಅಮ್ಮಾರ, ಇದೆಲ್ಲಾ ನಿಮ್ಮ ಹೊಟ್ಟಿಗೆ ಹೋಗೂದಿತ್ತು," ಎಂದ. ನಾನು ಅದನ್ನು ಮೂಗಿನ ಹತ್ತಿರ ಒಯ್ದೆ. ಪಾಚಿ, ಹಸಿ ಇಟ್ಟಿಗೆ, ಅದರ ಹಿಂದೆ ಕೊಳೆತದ್ದು ಏನೋ ಒಂದು... ನಮ್ಮ ಹಳೇ ನಳದ ತಗ್ಗಿನ ವಾಸನೆ. ಆ ತಗ್ಗು ಮುಚ್ಚಿ ಮೂವತ್ತು ವರ್ಷದ ಮೇಲಾಯಿತು. ವಾಸನೆಯ ಜೊತೆಗೇ ಪಕ್ಕದ ಮನೆಯ ಕಾಕು ನೆನಪಿನಲ್ಲಿ ಬಂದು ನಿಂತರು.

ನಾನು ತವರೂರು ಭೋಜದಿಂದ ಮದುವೆಯಾಗಿ, ಚಿಕ್ಕೋಡಿಗೂ ರಾಯಬಾಗಕ್ಕೂ ನಡುವಿನ ಈ ಸಣ್ಣ ಊರಿಗೆ ಬಂದಾಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ಕಾಕು ನಮಗೆ ಬಳಗವಲ್ಲ. ಜೈನರ ಮನೆಯವರು, ಗಂಡ ತಂಬಾಕಿನ ವ್ಯಾಪಾರಿ. ಓಣಿಯವರೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕುಳ್ಳಗಿನ ಮೈ, ಜೋರಾದ ದನಿ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ತಮ್ಮ ಕಟ್ಟೆಯ ಮೇಲೆ ಕೂತು, ಇನ್ನೂ ಒಲೆ ಹೊತ್ತಿಸುತ್ತಿದ್ದ ನಮ್ಮನ್ನೆಲ್ಲ ನೋಡಿ ನಗುತ್ತಿದ್ದರು.

ಅವರ ಮನೆಯಲ್ಲಿ ಸೋಸದ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ದಪ್ಪನೆಯ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ನೀರು ಬಿಡುವುದು. ಅಷ್ಟಕ್ಕೇ ಕೆಲಸ ಮುಗಿಯುತ್ತಿರಲಿಲ್ಲ. ಆಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ತೊಳೆದ ನೀರನ್ನು ತಂಬಿಗೆಯಲ್ಲಿ ಹಿಡಿದು, ಎಲ್ಲಿಂದ ತಂದಿದ್ದರೋ ಅಲ್ಲಿಗೇ ಬಿಟ್ಟು ಬರಬೇಕು. ಬಟ್ಟೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಬೇಕು, ಅದು ಅವರ ನೇಮ. ಬಾವಿಯ ನೀರು ತರುತ್ತಿದ್ದಾಗ ಸುಲಭವಿತ್ತು. ಮನೆಮನೆಗೆ ನಳ ಬಂದದ್ದೇ ಕಾಕುಗೆ ಪೇಚಾಟ ಶುರುವಾಯಿತು.

"ನಳದಾಗ ಬಂದ ಜೀವಾನ ಎಲ್ಲಿ ಬಿಡ್ಲೆ ಬೇ?" ಎಂದು ಒಂದು ದಿನ ಓಣಿಯಲ್ಲಿ ನಿಜವಾದ ಚಿಂತೆಯಿಂದಲೇ ಕೇಳಿದರು.

ಎದುರುಮನೆಯ ದರ್ಜಿಯ ಹೆಂಡತಿಗೆ ನಗು ತಡೆಯಲಿಲ್ಲ. "ಇದು ಕೃಷ್ಣಾ ಹೊಳಿ ನೀರಲ್ಲೇನ್ರಿ ಕಾಕು? ಬಸ್ ಹತ್ತಸ್ರಿ ಅವನ್ನ, ಹೊಳಿ ಬಂದಕೂಡ್ಲೆ ಇಳಕೋತಾವು."

"ಖಿಡಕಿ ಕಡೆ ಸೀಟ ನೀ ಹಿಡದ ಕೊಡ್ತಿ ಏನ?" ಎಂದರು ಕಾಕು. ಎಲ್ಲರೂ ನಕ್ಕೆವು. ಕಡೆಗೆ ಗುಡಿಯ ಹಿಂದಿನ ಹಳೇ ಬಾವಿಗೆ ತಂಬಿಗೆ ಒಯ್ದು ಬಿಡುವುದೆಂದು ಅವರೇ ತೀರ್ಮಾನ ಮಾಡಿಕೊಂಡರು.

ಆ ಕಾಲದ ನಳದ ಬಗ್ಗೆ ಈಗಿನವರಿಗೆ ಬಿಡಿಸಿ ಹೇಳಬೇಕು. ಎರಡು ದಿನಕ್ಕೊಮ್ಮೆ, ಬೆಳಗ್ಗೆ ಆರರಿಂದ ಎಂಟರ ತನಕ ನೀರು. ಒತ್ತಡ ಸಾಲದೆ ನಳದಲ್ಲಿ ದಾರದ ಹಾಗೆ ಬರುತ್ತಿತ್ತು. ಅದಕ್ಕೆ ಎಲ್ಲರೂ ಒಂದು ಉಪಾಯ ಮಾಡಿದ್ದರು: ಮನೆಯ ಮುಂದೆ ಸೊಂಟದಷ್ಟು ಆಳದ ತಗ್ಗು ತೋಡಿ, ನಳವನ್ನು ಅದರೊಳಗೆ ಇಳಿಸುವುದು. ಕೆಳಗಿದ್ದಷ್ಟೂ ನೀರು ಜೋರು. ಹೆಣ್ಣುಮಕ್ಕಳು ತಗ್ಗಿಗೆ ಇಳಿದು ಕೊಡ ತುಂಬಿ ಮೇಲೆ ಎತ್ತಿ ಕೊಡುತ್ತಿದ್ದೆವು. ನಳವನ್ನು ಯಾರೂ ಬಂದ್ ಮಾಡುತ್ತಿರಲಿಲ್ಲ. ತೆರೆದಿದ್ದರೆ ನೀರು ಬಂದ ಸಪ್ಪಳ ಕೇಳುತ್ತದಲ್ಲ. ನೀರು ನಿಂತ ಕೂಡಲೇ ಅದು ಗೊಳಗೊಳ ಎಂದು ಒಳಕ್ಕೆ ಉಸಿರು ಎಳೆಯುತ್ತಿತ್ತು. ಮಕ್ಕಳಿಗೆ ಅದೊಂದು ಆಟ. ನನ್ನ ಮೂರು ವರ್ಷದ ಮಗಳು ತನ್ನ ಅಂಗೈಯನ್ನು ನಳದ ಬಾಯಿಗೆ ಇಟ್ಟು, "ಮಮ್ಮೀ, ಮುದ್ದ ಕೊಡ್ತೈತಿ!" ಎಂದು ಕಿರುಚುತ್ತಿದ್ದಳು. ನಾವೂ ನಗುತ್ತಿದ್ದೆವು. ಒಳಗೆ ಎಳೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ.

ನಮ್ಮ ಅತ್ತೆಗೆ ಆ ತಗ್ಗು ಗಂಗವ್ವನ ಸ್ಥಾನ. ಮೊದಲ ಸಲ ನೀರು ಬಂದ ದಿನ ಕಾಯಿ ಒಡೆದು, ನಳಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ನಮ್ಮ ಮನೆದೇವರು ಮಂಗಸೂಳಿ ಮಲ್ಲಯ್ಯ. ದೇವರಮನೆಯ ಜಗಲಿಯ ಮೇಲಿನ ದೇವರಿಗೆ ಅಭಿಷೇಕ ಮಾಡಿದ ನೀರನ್ನು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಆದರೆ ನಮ್ಮ ಅಂಗಳಕ್ಕೆ ಪೂರ್ತಿ ಕಲ್ಲುಹಾಸು, ಗಿಡಕ್ಕೆ ಜಾಗವಿರಲಿಲ್ಲ. "ಗಂಗವ್ವನ ನೀರ ಗಂಗವ್ವಗ ಹೋಗ್ಲಿ," ಎಂದರು ಅತ್ತೆ. ಅಂದಿನಿಂದ ದೇವರ ನೀರು, ನಿರ್ಮಾಲ್ಯದ ಎಸಳು, ಮಲ್ಲಯ್ಯನ ಭಂಡಾರ ಎಂದರೆ ಅರಿಶಿನದ ಪುಡಿ, ಎಲ್ಲವನ್ನೂ ನಾನು ಭಕ್ತಿಯಿಂದ ತಗ್ಗಿಗೆ ಹಾಕುತ್ತಿದ್ದೆ. ಹಾಕುವಾಗ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ ಕೂಡ. ತಗ್ಗಿನ ಪಕ್ಕದಲ್ಲೇ ಗಟಾರ ಹರಿಯುತ್ತಿತ್ತು. ಮಳೆಗಾಲದಲ್ಲಿ ಅದು ತಗ್ಗಿಗೆ ಜಿನುಗುವುದೂ ಇತ್ತು. ಅದನ್ನು ಕಂಡೂ ಕಾಣದಂತೆ ಇದ್ದೆವು.

ಆ ವರ್ಷ ಶ್ರಾವಣದಲ್ಲಿ ನನ್ನ ಮಗಳಿಗೆ ವಾಂತಿಭೇದಿ ಹತ್ತಿತು. ಒಂದು ದಿನ ಕಡಿಮೆಯಾದರೆ ಎರಡು ದಿನ ಜಾಸ್ತಿ. ಗಲ್ಲ ಒಳಗೆ ಹೋಗಿ ಕಣ್ಣಷ್ಟೇ ದೊಡ್ಡವು ಉಳಿದವು. ನೀರು ಕಾಯಿಸಿ ಕುಡಿಸಿರಿ ಎಂದು ಡಾಕ್ಟರು ಹೇಳಿದರೆ ಅತ್ತೆ, "ಗಂಗವ್ವನ್ನ ಒಲಿ ಮ್ಯಾಲ ಇಟ್ಟ ಸುಡ್ತಾರೇನು?" ಎಂದು ಸಿಟ್ಟಾದರು. ಮಗು ಉಳಿಯಲಿ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತರು. ಶ್ರಾವಣ ಮುಗಿಯುವ ತನಕ ದಿನವೂ ಪಂಚಾಮೃತದ ಅಭಿಷೇಕ. ಹಾಲು, ಮೊಸರು, ಜೇನು, ಬಾಳೆಹಣ್ಣು... ಎಲ್ಲವೂ ಅದೇ ತಗ್ಗಿಗೆ. ಮಗು ಸೊರಗಿದಷ್ಟೂ ನಮ್ಮ ಅಭಿಷೇಕ ಹೆಚ್ಚಾಯಿತು. ಅಭಿಷೇಕ ಹೆಚ್ಚಾದಷ್ಟೂ ಮಗು ಸೊರಗಿತು. ದರ್ಜಿಯವರ ಮಗನಿಗೂ ಅದೇ ಬೇನೆ ಹತ್ತಿ, ಮಿರಜದ ಆಸ್ಪತ್ರೆಗೆ ಒಯ್ದು ಸಲಾಯಿನ್ ಹಚ್ಚಿದ್ದರು.

ಒಂದು ಮಧ್ಯಾಹ್ನ ಅತ್ತೆ ಅಡ್ಡಾಗಿದ್ದಾಗ ಕಾಕು ಬಂದರು. ಸೆರಗಿನ ಕೆಳಗೆ ಒಂದು ತಾಟು ಮುಚ್ಚಿಕೊಂಡಿದ್ದರು. ತೆರೆದರೆ ಅವರ ಸೋಸುವ ಬಟ್ಟೆ. ನಡುವೆ ಹಳದಿ ಕಲೆ, ಅದರ ಮೇಲೆ ಮೂರು ನಾಲ್ಕು ಚೆಂಡುಹೂವಿನ ಎಸಳು.

"ಮೊದ್ಲ ಪೈಪಿಗೆ ತುಕ್ಕ ಹಿಡದ ಜಂಗು ಅಂದ್ಕೊಂಡ್ನಿ. ಜಂಗು ಕೆಂಪ ಇರ್ತೈತಿ. ಇದನ್ನ ಮೂಸಿ ನೋಡು," ಎಂದರು.

ಮೂಸಿದೆ. ಅರಿಶಿನ.

"ನಿಮ್ಮ ಮನಿ ಪೈಪಿನ ಮುಂದಿನ ಪೈಪ ನಂದು. ನಮ್ಮ ಮನ್ಯಾಗ ಚೆಂಡುಹೂವ ಇಲ್ಲ, ಭಂಡಾರ ಇಲ್ಲ. ಅಲ್ಲಬೇ, ನಿಮ್ಮ ದೇವ್ರು ನಮ್ಮ ನಳದಾಗ ಯಾಕ ಬರಾಕತ್ತಾನ?"

ನನಗೆ ಅರ್ಥವಾಗುವುದರೊಳಗೆ ಅತ್ತೆ ಎದ್ದು ಬಂದಿದ್ದರು. ಮಾತೆಲ್ಲ ಕೇಳಿಸಿತ್ತು. "ಏನಂದ್ರಿ? ದೇವ್ರ ನೀರ ಹೊಲಸ ಅಂತೀರೇನು? ನನ್ನ ಮೊಮ್ಮಗಳು ದೇವ್ರ ನೀರಿಂದ ಮಲಗ್ಯಾಳೇನು?"

ಕಾಕು ದನಿ ಏರಿಸಲಿಲ್ಲ. "ದೇವ್ರ ನೀರ ಹೊಲಸಲ್ರಿ ಅಕ್ಕಾ. ಅದನ್ನ ಚೆಲ್ಲೂ ಜಾಗಾ ಹೊಲಸೈತಿ. ನಾಳೆ ನೀರ ಬರೂ ದಿನ. ನೀರ ನಿಂದ್ರೂ ಹೊತ್ತಿಗೆ ನಾ ಬರ್ತೀನಿ, ಮೂರೂ ಮಂದಿ ಕೂಡಿ ನೋಡೂನು. ನಾ ಸುಳ್ಳಾದ್ರ ನಿಮ್ಮ ಮಲ್ಲಯ್ಯಗ ನಾನೂ ಕಾಯಿ ಒಡಸ್ತೀನಿ."

ಮರುದಿನ ಎಂಟು ಹೊಡೆಯುವ ಮೊದಲೇ ಬಂದರು. ಆಗಷ್ಟೇ ನಾನು ಅಭಿಷೇಕದ ನೀರು ಹಾಕಿದ್ದೆ. ತಗ್ಗಿನಲ್ಲಿ ನಳದ ಬಾಯಿ ಮುಳುಗುವಷ್ಟು ನೀರು ನಿಂತಿತ್ತು, ಹಾಲು ಬೆರೆತು ಬೆಳ್ಳಗಾಗಿ, ಮೇಲೆ ಹಳದಿ ತೇಲುತ್ತಿತ್ತು. ನಾವು ಮೂವರೂ ತಗ್ಗಿನ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತೆವು. ನೀರು ನಿಂತಿತು. ಗೊಳಗೊಳ ಎಂದಿತು. ತೇಲುತ್ತಿದ್ದ ಎಸಳುಗಳು ಒಂದರ ಹಿಂದೆ ಒಂದು ಸುತ್ತು ತಿರುಗಿ, ನಳದ ಬಾಯೊಳಗೆ ಹೋದವು. ತಗ್ಗಿನ ನೀರು ನಾವು ನೋಡುತ್ತಿದ್ದಂತೆ ಎರಡು ಬೆರಳು ಇಳಿಯಿತು.

ಅತ್ತೆ ಅಲ್ಲೇ ಕಲ್ಲಿನ ಮೇಲೆ ಕುಸಿದರು. "ಮಲ್ಲಯ್ಯಾ, ನನ್ನ ಕೂಸಿಗೆ ನಾ ಏನ ಕುಡಿಸಿದ್ನೋ..." ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಎದುರುಮನೆಯ ಮುಚ್ಚಿದ ಬಾಗಿಲು ನೋಡಿ ಅವರ ಮುಖ ಬಿಳುಚಿತು. ದರ್ಜಿಯವರು ಇನ್ನೂ ಮಿರಜದಲ್ಲಿದ್ದರು. ಓಣಿಗೆ ಗೊತ್ತಾದರೆ ನಮ್ಮ ಮನೆಯ ಮುಂದೆ ಯಾರು ನಿಲ್ಲುತ್ತಾರೆ? ಅತ್ತೆ ಕಾಕುವಿನ ಮಣಿಕಟ್ಟು ಹಿಡಿದುಕೊಂಡರು.

"ಯಾರ ಹೇಳವರದಾರ?" ಎಂದರು ಕಾಕು. "ತಗ್ಗ ಎಲ್ಲಾರ ಮನಿ ಮುಂದೂ ಐತಿ. ಎಲ್ಲಾರ ನಳಾನೂ ಎಳಕೋತೈತಿ. ಮೊದ್ಲ ಕೂಸಿನ್ನ ನೋಡ್ರಿ."

ಅಂದಿನಿಂದ ದಿನವೂ ಬೆಳಗ್ಗೆ ಸೋಸಿ ಕಾಯಿಸಿ ಆರಿಸಿದ ಒಂದು ತಂಬಿಗೆ ನೀರು ಅವರ ಮನೆಯಿಂದ ನನ್ನ ಮಗಳಿಗೆ ಬಂತು. ಅವರೇ ತರುತ್ತಿದ್ದರು, ಅವರೇ ಕೂತು ಚಮಚದಿಂದ ಕುಡಿಸುತ್ತಿದ್ದರು. "ಕುಡಿಯೇ ರಾಣಿ, ಇಂಥಾ ನೀರ ಟಾಕೀಸಿನ್ಯಾಗ ಟಿಕೇಟ ತಗೊಂಡ್ರೂ ಸಿಗೂದಿಲ್ಲ," ಎಂದು ಏನೇನೋ ಹೇಳಿ ನಗಿಸುತ್ತಿದ್ದರು. ವಾರದೊಳಗೆ ಮಗು ಅನ್ನ ಕೇಳಿತು. ದರ್ಜಿಯವರ ಮಗನೂ ನಡೆದುಕೊಂಡೇ ಬಸ್ಸಿನಿಂದ ಇಳಿದ. ದೇವರು ನಮ್ಮನ್ನು ಅಷ್ಟಕ್ಕೇ ಬಿಟ್ಟ. ಈಗಲೂ ಅದನ್ನು ನೆನೆಸಿಕೊಂಡು ಕೈ ಮುಗಿಯುತ್ತೇನೆ.

ಇನ್ನು ಉಳಿದದ್ದು ಓಣಿಯ ತಗ್ಗುಗಳು. ಕೊಳೆ ಒಳಗೆ ಹೋಗುತ್ತದೆ ಎಂದರೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳುತ್ತಿದ್ದರು. ಕೇಳಿದರೆ ನಮ್ಮ ಮನೆಯ ಹೆಸರು ಬರುತ್ತಿತ್ತು. ಅದಕ್ಕೆ ಕಾಕು ಬೇರೆ ದಾರಿ ಹಿಡಿದರು. ಮೊದಲು ತಮ್ಮ ತಗ್ಗನ್ನೇ ಮುಚ್ಚಿಸಿ ನಳವನ್ನು ಮೇಲೆ ಎತ್ತಿಸಿದರು. ಆಮೇಲೆ ಮನೆಮನೆಗೆ ಹೋಗಿ, "ತಗ್ಗಿನಿಂದ ನನ್ನ ನೇಮ ಕೆಡಾಕತ್ತೈತ್ರಿ, ನನ್ನ ಸಲುವಾಗಿ ಮುಚ್ಚರಿ," ಎಂದು ಸೆರಗು ಒಡ್ಡಿ ಕೇಳಿದರು. ತಮ್ಮ ಹೊಲದಿಂದ ಚಕ್ಕಡಿಗಟ್ಟಲೆ ಗರಸು ಮಣ್ಣು ತರಿಸಿ ಹಾಕಿಸಿಕೊಟ್ಟರು. ದೊಡ್ಡವರ ಮಾತು, ಇಲ್ಲ ಎನ್ನಲಾಗದೆ ಎಲ್ಲರೂ ಮುಚ್ಚಿದರು. ಆದರೆ ಮೇಲೆ ಎತ್ತಿದ ನಳದಲ್ಲಿ ಮತ್ತೆ ದಾರದಷ್ಟೇ ನೀರು. ಒಂದು ಕೊಡ ತುಂಬಲು ಎರಡು ಕೊಡದ ಹೊತ್ತು ನಿಲ್ಲಬೇಕಾಯಿತು.

"ಕಾಕೂನ ಹುಳಾ ಬದಕಲಿ ಅಂತ ನಮ್ಮ ಸೊಂಟಾ ಸತ್ತು," ಎಂದಳು ದರ್ಜಿಯ ಹೆಂಡತಿ ಒಂದು ಬೆಳಗ್ಗೆ. ಎಲ್ಲರೂ ನಕ್ಕರು. ಕಾಕು ಅಲ್ಲೇ ಇದ್ದರು. ಅವರೂ ನಕ್ಕರು. ನಾನೂ ಕೊಡ ಹಿಡಿದುಕೊಂಡು ಅವರೆಲ್ಲರ ಜೊತೆ ನಕ್ಕೆ.

ಭಾದ್ರಪದದಲ್ಲಿ ಜೈನರಿಗೆ ಹತ್ತು ದಿನದ ಪರ್ವ. ಅದು ಮುಗಿದ ಮೇಲೆ ಒಂದು ದಿನ ಅವರು ತಿಳಿದೂ ತಿಳಿಯದೆಯೂ ಆದ ತಪ್ಪಿಗೆ ಎಲ್ಲರ ಕ್ಷಮೆ ಕೇಳುತ್ತಾರೆ. ಕಾಕು ನಮ್ಮ ಓಣಿಯ ಪ್ರತಿ ಬಾಗಿಲಿಗೂ ಹೋಗುತ್ತಿದ್ದರು. ಆ ವರ್ಷ ನಾನು ಬೆಳಗ್ಗೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ತಪ್ಪು ನಮ್ಮದು ಕಾಕು, ಬೈಗುಳ ನಿಮಗೆ ಬಿತ್ತು, ನಾನೇ ಓಣಿಗೆ ಹೇಳಿಬಿಡುತ್ತೇನೆ. ಅವರು ಬಂದಾಗ ಹೊರಗೆ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ಕಾಕು ನನಗಿಂತ ಮೊದಲೇ ಕೈ ಮುಗಿದು, "ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಬೇ," ಎಂದರು.

ನಾನು, "ಇರ್ಲಿ ಬಿಡ್ರಿ ಕಾಕು," ಎಂದೆ. ಅಷ್ಟೇ ಎಂದೆ.

ತಪ್ಪು ಮಾಡಿದವಳು ನಾನು, ಕ್ಷಮಿಸಿದವಳೂ ನಾನೇ. ಕಾಕು ನನ್ನ ಗಲ್ಲ ಸವರಿ ಮುಂದಿನ ಮನೆಗೆ ಹೋದರು. ಆಮೇಲೆ ಎಷ್ಟು ಭಾದ್ರಪದ ಬಂದವು, ಪ್ರತಿ ಸಲ ಬರುವ ವರ್ಷ ಹೇಳೋಣ ಎಂದುಕೊಂಡೆ. ಅತ್ತೆ ತೀರಿಕೊಂಡಾಗ ಆ ಮಾತನ್ನು ತಮ್ಮ ಜೊತೆಗೇ ಒಯ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಚಳಿಗಾಲದಲ್ಲಿ ಕಾಕುವೂ ಹೋದರು. ಅವರ ಶವದ ಹತ್ತಿರ ಕೂತಿದ್ದಾಗಲೂ ಯಾರೋ, "ಓಣಿ ತಗ್ಗ ಮುಚ್ಚಿಸಿದ ಹಟಮಾರಿ ಮುದಕಿ," ಎಂದು ಪ್ರೀತಿಯಿಂದಲೇ ನೆನೆದರು.

ನನ್ನ ಮಗಳಿಗೆ ಈಗ ಎರಡು ಮಕ್ಕಳು. ಆಕೆಗೂ ಇದನ್ನು ಹೇಳಿರಲಿಲ್ಲ, ಈಗ ಓದಿ ತಿಳಿಯುತ್ತಾಳೆ.

ನಿನ್ನೆ ಆ ಕ್ಷಮೆಯ ದಿನ ಬಂದಿತ್ತು. ಈಗ ಯಾರೂ ಬಾಗಿಲಿಗೆ ಬರುವುದಿಲ್ಲ, ಫೋನಿನಲ್ಲಿ ಕೈ ಮುಗಿದ ಚಿತ್ರ ಬರುತ್ತದೆ. ಕಾಕುವಿನ ಸೊಸೆಯದೂ ಬಂದಿತ್ತು. ನಾನು ಸೆರಗು ಹೊದ್ದು ಪಕ್ಕದ ಮನೆಗೆ ನಡೆದೆ. ಬಾಗಿಲಲ್ಲೇ ನಿಂತು ಕೈ ಮುಗಿದು, "ತಪ್ಪಾಗೇತಿ ತಂಗಿ, ಹೊಟ್ಯಾಗ ಹಾಕ್ಕೋ," ಎಂದೆ. ಆಕೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. "ಅಯ್ಯ, ಇದೇನ್ರಿ ಅಕ್ಕಾರ, ನೀವ್ಯಾಕ ಬಂದ್ರಿ? ಇರ್ಲಿ ಬಿಡ್ರಿ, ಒಳಗ ಬರ್ರಿ."

ಯಾವ ತಪ್ಪೆಂದು ಆಕೆಗೆ ಗೊತ್ತಿಲ್ಲ. ಗೊತ್ತಿದ್ದವರು ಆ ಮನೆಯಲ್ಲಿ ಈಗ ಇಲ್ಲ.