ಮಾವನ ಕಾಲಿಗೆ ಎರಡು ದರ

ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಹೈದರಾಬಾದಿನ ಕಾಲೇಜಿನಿಂದ ಭಾಲ್ಕಿಗೆ ಮರಳಿದಾಗ ನಾನೊಂದು ಅಮಲಿನಲ್ಲಿದ್ದೆ. ಚರ್ಚಾಕೂಟದ ವಿಧಿಯಂತೆ ಮಂಡಿಸಿದರೆ ಜಗತ್ತಿನ ಯಾವ ಪ್ರಶ್ನೆಯಾದರೂ ಸಂಜೆಯೊಳಗೆ ಇತ್ಯರ್ಥವಾಗುತ್ತದೆಂದು ನಂಬಿದ್ದೆ. ನಿಜಾಮರ ರಾಜ್ಯವೇ ಐದು ದಿನದಲ್ಲಿ ಮುಗಿದಿರುವಾಗ ಸೋದರಮಾವನ ಕಾಲು ಯಾವ ಮಹಾ ಸಮಸ್ಯೆ?

ಮಾವ ದರ್ಜಿ. ಔರಾದದಿಂದ ಬರುವಾಗ ಬಂಡಿ ಮಗುಚಿ, ಮೊಣಕಾಲ ಕೆಳಗಿನ ಎಲುಬು ಮುರಿದು ಚರ್ಮ ಸೀಳಿ ಹೊರಬಂದಿತ್ತು. ಗಾಯ ಮೇಲೆ ಮುಚ್ಚಿತು. ಒಳಗೆ ಎಲುಬು ಕೀವುಗಟ್ಟಿತು. ಬೀದರಿನ ವೈದ್ಯರು ಎರಡು ದಾರಿ ಹೇಳಿದರು. ಬೀದರಿನಲ್ಲೇ ಕಾಲು ಕತ್ತರಿಸಿದರೆ ಒಂದೇ ಶಸ್ತ್ರಕ್ರಿಯೆ. ಕಾಲು ಉಳಿಯಬೇಕಾದರೆ ಸೋಲಾಪುರಕ್ಕೆ ಹೋಗಿ ಸತ್ತ ಎಲುಬನ್ನು ಕೆರೆಸಬೇಕು. ಎರಡೋ ಮೂರೋ ಶಸ್ತ್ರಕ್ರಿಯೆ, ಮೇಲೆ ದುಬಾರಿ ಪೆನಿಸಿಲಿನ್. ಅದಕ್ಕೆ ಹೊಲಿಗೆ ಯಂತ್ರ ಮಾರಲೇಬೇಕಿತ್ತು.

ಪಡಸಾಲೆಯಲ್ಲಿ ಸಭೆ ಕರೆದೆ. ಸ್ತ್ರೀಯರ ಮುನ್ನಡೆಗೆಂದು ಮಾವನ ಹೆಂಡತಿಯನ್ನೇ ಅಧ್ಯಕ್ಷೆಯಾಗಿ ಕೂರಿಸಿ, ಅಧ್ಯಕ್ಷರು ಚರ್ಚೆಯಲ್ಲಿ ಮಾತಾಡುವಂತಿಲ್ಲವೆಂದೂ ತಿಳಿಸಿದೆ. ಮತದಾರರು ಮೂವರು: ನಾನು, ಮಾವ, ನೆರೆಮನೆಯ ನಿವೃತ್ತ ಕಂಪೌಂಡರ್ ಚಾಚಾ.

ನನ್ನ ಮನಸ್ಸು ಸೋಲಾಪುರದ ಕಡೆಗಿತ್ತು. ಆದರೆ ಎದುರು ಪಕ್ಷವನ್ನು ಮೊದಲು ಅದರ ಪೂರ್ಣ ಬಲದಲ್ಲಿ ಮಂಡಿಸುವುದು ಸಭ್ಯ ವಾದಿಯ ಧರ್ಮ. ಕತ್ತರಿಸುವುದರ ಪರವಾಗಿ ನಾನು ಅಂದು ಮಾತಾಡಿದಂತೆ ಕಾಲೇಜಿನಲ್ಲೂ ಎಂದೂ ಮಾತಾಡಿರಲಿಲ್ಲ. ನನ್ನ ವಾದಕ್ಕೆ ಇದ್ದ ಒಂದೇ ಅಡ್ಡಿಯೆಂದರೆ, ನಾನು ಕಾಗದದಲ್ಲಿ ಬರೆದ ಖರ್ಚಿನ ಪಟ್ಟಿಯಲ್ಲಿ ಎರಡು ದಾರಿಗಳ ಅಂತರ ಕಡಿಮೆ ಕಂಡದ್ದು; ಅದನ್ನೂ ಚಾಚಾ ಪಟ್ಟಿ ಓದಿ ನಿವಾರಿಸಿದರು.

"ಬೇಟಾ, ಬೀದರದ ದರ ನಿಜಾಮರ ಹಾಲಿ ರೂಪಾಯಿದಾಗ ಅದ, ಸೋಲಾಪುರದ್ದು ಇಂಗ್ಲಿಷರ ಕಲ್ದಾರ್. ಏಳು ಹಾಲಿ ಕೊಟ್ರ ಆರು ಕಲ್ದಾರ್. ಎರಡೂ ಒಂದೇ ಅಂತ ಕೂಡ್ಸಿಯಲ್ಲ, ಕಾಲೇಜಿನಾಗ ಇದು ಕಲಿಸಿಲ್ಲೇನು?"

ಸೋಲಾಪುರ ಇನ್ನಷ್ಟು ದುಬಾರಿಯಾಯಿತು.

"ಕತ್ತರಸ್ರಿ," ಎಂದು ಮಾವ ಕೈ ಎತ್ತಿದರು. "ಒಂದು ಪೈಜಾಮಕ್ಕ ಬಟ್ಟಿನೂ ಅರ್ಧ ಉಳಿತದ."

ಚಾಚಾ ನಗುತ್ತಲೇ ಕೈ ಎತ್ತಿದರು. ಮೂರನೆಯ ಕೈಯನ್ನು ನೋಡಿ ಬೆಚ್ಚಿದೆ, ಅದು ನನ್ನದು. ನನ್ನ ವಾದಕ್ಕೆ ನಾನೇ ಸೋತಿದ್ದೆ!

"ಆಯ್ತೇನು ನಿಮ್ಮ ನಾಟಕ?" ಅಧ್ಯಕ್ಷೆ ಎದ್ದು ನಿಂತರು. "ಸಭಾ ಮುಗೀತು. ಮಷೀನು ಮಾರ್ತೀವಿ."

"ಅತ್ತಿ, ಬಹುಮತ ಬಂದದರಿ..."

"ಕಾಲು ನಂದದ," ಎಂದರು ಮಾವ.

"ಕಾಲು ನಿಂದೇ ಅದ," ಅತ್ತೆ ನನ್ನ ಪಟ್ಟಿಯನ್ನು ಅವರ ಕೈಗೆ ತುರುಕಿದರು. "ನಾಳಿಂದ ನಿನ್ನ ಎಬ್ಬಸ್ಲಾಕ, ಕೂಡಸ್ಲಾಕ, ಹಿತ್ತಲಿಗಿ ಒಯ್ಲಾಕ ಯಾರು ಬರ್ತಾರ? ಈ ಭಾಷಣದವ ಬರ್ತಾನೇನು? ಸಾಯೋತನಕ ನಾ ಮಾಡೋ ಚಾಕರಿ ಈ ಕಾಗದದಾಗ ಎಲ್ಲಿ ಬರದಾನ, ತೋರ್ಸು!"

ಮಾವ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲೂ ಹುಡುಕಿದರು. ಇರಲಿಲ್ಲ. ಸಮಾನತೆಯ ಬಗ್ಗೆ ಎರಡು ಪದಕ ಗೆದ್ದಿದ್ದವನು ನಾನು. ಅತ್ಯಂತ ದೊಡ್ಡ ವೆಚ್ಚವನ್ನು, ಅದನ್ನು ಭರಿಸುವವಳನ್ನೇ ಎದುರಿಗೆ ಕೂರಿಸಿಕೊಂಡು, ಪಟ್ಟಿಯಿಂದ ಬಿಟ್ಟಿದ್ದೆ. ಚಾಚಾ ಮೆಲ್ಲನೆ ಕೈ ಇಳಿಸಿದರು, ನಾನೂ ಇಳಿಸಿದೆ. ಮಾವನ ಕೈ ಮಾತ್ರ ಒಂದು ಕ್ಷಣ ಮೇಲೆಯೇ ಉಳಿದು, ತಲೆ ಕೆರೆದುಕೊಳ್ಳುವ ನೆಪದಲ್ಲಿ ಕೆಳಗಿಳಿಯಿತು.

ಸೋಲಾಪುರದಲ್ಲಿ ಮೂರು ಬಾರಿ ಎಲುಬು ಕೆರೆದರು. ಏಳು ತಿಂಗಳ ನಂತರ ಭಾಲ್ಕಿ ನಿಲ್ದಾಣದಲ್ಲಿ ಇಳಿದ ಮಾವ, ಟಾಂಗಾದವನನ್ನು ಅಟ್ಟಿ, ಕುಂಟುತ್ತ ಮನೆಯ ದಾರಿ ಹಿಡಿದರು. ಅತ್ತೆ ಗಂಟನ್ನು ಅವರ ಹೆಗಲಿಗೇ ಏರಿಸಿ, ಎರಡೂ ಕೈ ಬೀಸಿಕೊಂಡು ಮುಂದೆ ಮುಂದೆ ನಡೆದರು.