ಗಡಿಯಾರದ ಪಟ್ಟಿಯ ಬೀಗದ ಕೈ

ನಮ್ಮ ಇಂಗ್ಲಿಷ್ ಮೇಷ್ಟ್ರು ಬಲಗೈಗೆ ಗಡಿಯಾರ ಕಟ್ಟುತ್ತಿದ್ದರು. ಅದರ ಪಟ್ಟಿಗೆ ಹಿತ್ತಾಳೆಯ ಬೀಗದ ಕೈಯೊಂದು ನೇತಾಡುತ್ತಿತ್ತು. ಬರೆಯುವಾಗ ಅದು ಬೋರ್ಡಿಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು.

ಕಡೂರಿನಲ್ಲಿ ತೆಂಗಿನ ನಾರಿನ ಗೋದಾಮಿನ ಮೇಲಿನ ಒಂದೇ ಕೋಣೆ ಅವರ ಟ್ಯೂಷನ್; ಆ ಬೀಗದ ಕೈ ಅದರದೇ. ನಾನೂ ನನ್ನ ಗೆಳತಿಯೂ ಹಿರೇನಲ್ಲೂರಿನಿಂದ ಮೊದಲ ಬಸ್ಸಿಗೆ ಬಂದು, ಪಾಠ ಮುಗಿಸಿ ಕಾಲೇಜಿಗೆ ಹೋಗುತ್ತಿದ್ದೆವು. ಇಂಗ್ಲಿಷಿನಲ್ಲಿ ಹೊತ್ತು ಹೇಳುವ ಪುಟ್ಟ ಮಾತುಗಳೆಂದರೆ ಅವರಿಗೆ ಪ್ರಾಣ. ಅಟ್ ಸೆವೆನ್, ಬೈ ಸೆವೆನ್, ಆನ್ ಮಂಡೇ, ಎಲ್ಲವನ್ನೂ ಸ್ಟೇಷನ್ನಿನ ರೈಲುಗಳಿಂದಲೇ ಕಲಿಸುತ್ತಿದ್ದರು.

"ರೈಲು ಹೇಳಿದ್ ಗಂಟೆಗೆ ಬಂದ್ರೆ ಆನ್ ಟೈಮ್. ಹೊರಡೋದ್ರೊಳಗೆ ನೀನ್ ಹತ್ಕೊಂಡ್ರೆ ಇನ್ ಟೈಮ್. ಕಾಯ್ತಾ ಕೂರೋಕೆ ಡ್ರೈವರ್ ಏನ್ ನಿಮ್ ಮಾವನೇನಮ್ಮಾ?"

ಅವರು ಹೆಸರು ಕೂಗಿ ಹಾಜರಿ ಹಾಕುವವರಲ್ಲ. ಉದ್ದನೆಯ ಪುಸ್ತಕದಲ್ಲಿ ದಿನಕ್ಕೊಂದು ಪುಟ. ಬಂದವರೆಲ್ಲ ಒಂದೊಂದು ವಾಕ್ಯ ಬರೆದು ಸಹಿ ಮಾಡಬೇಕು, ಅದರಲ್ಲಿ ಹೊತ್ತಿನ ಮಾತೊಂದು ಇರಲೇಬೇಕು. ಬೆಳಗಿನ ಜಾವ ಎಮ್ಮೆ ಈದದ್ದನ್ನು ಗೆಳತಿ ಬರೆದಾಗ, "ಕರುಗೂ ಹಾಜರಿ ಹಾಕ್ಲೇನೇ?" ಎಂದು ನಕ್ಕಿದ್ದರು. ವಾಕ್ಯ ಸರಿಯಿದ್ದರೆ ಕೆಂಪು ಇಂಕಿನಲ್ಲಿ "ಗುಡ್". ಅದಕ್ಕಾಗಿ ನಾನು ಬಸ್ಸಿನಲ್ಲೇ ವಾಕ್ಯ ಹೊಸೆಯುತ್ತಿದ್ದೆ.

ಟೆಸ್ಟಿನ ದಿನ ಪ್ರಶ್ನೆ ಕೊಟ್ಟು, ತಡವಾಗಿ ಬಂದವರು ನುಗ್ಗಬಾರದೆಂದು ಏಳಕ್ಕೆ ಸರಿಯಾಗಿ ಹೊರಗಿನಿಂದ ಬೀಗ ಹಾಕಿ, ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಟೀಗೆ ಹೋಗುತ್ತಿದ್ದರು. ಅಂಥದೇ ಒಂದು ಬೆಳಿಗ್ಗೆ ಹಲಗೆ ನೆಲದ ಸಂದಿಗಳಿಂದ ಹೊಗೆ ಎದ್ದಿತು. ಕೆಳಗೆ ನಾರು ಹೊತ್ತಿಕೊಂಡಿತ್ತು. ಆರು ಜನವೂ ಬಾಗಿಲು ಬಡಿದೆವು. ಆ ಬಡಿತ ಈಗಲೂ ನನ್ನ ಅಂಗೈಯಲ್ಲಿದೆ. ಸ್ನಾನದ ಮನೆಯ ಚಿಲಕ ಹಾಕಲೂ ಹೆದರುತ್ತೇನೆ. ಗೆಳತಿ ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡಳು. ಎದುರಿನ ಪಂಕ್ಚರ್ ಅಂಗಡಿಯ ಚಾಚಾ ಹಾರೆಯಿಂದ ಬೀಗ ಒಡೆದು ಉಳಿದ ಐವರನ್ನು ಹೊರಗೆಳೆದರು. ಓಡಿ ಬಂದ ಮೇಷ್ಟ್ರು ಮೊದಲು ನಮ್ಮ ಮುಖ ನೋಡಲಿಲ್ಲ. ಮೆಟ್ಟಿಲ ಕೆಳಗೆ ಬಿದ್ದಿದ್ದ ಒಡೆದ ಬೀಗವನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ನಮ್ಮ ಮನೆಗೆ ಬಂದರು. "ಬಾಗ್ಲು ತೆಗ್ದಿತ್ತು ಅಂದ್ಬಿಡಮ್ಮಾ. ನನ್ ಮರ್ಯಾದೆ ಉಳ್ಸು." ನಾನು ಹೂಂ ಎನ್ನಲಿಲ್ಲ.

ಠಾಣೆಯಲ್ಲಿ ಪೊಲೀಸರ ಮುಂದೆ ಅವರು ಹೇಳಿದ್ದು: "ಬಾಗ್ಲು ತೆಗ್ದೇ ಇತ್ತು. ಆ ಹುಡ್ಗಿ ಸುಮ್ನೆ ಗಾಬ್ರಿಬಿದ್ದು ಹಾರ್ದಳು." ಗೆಳತಿಯ ಅಪ್ಪ ಅದನ್ನೇ ನಂಬಿ, ಇಂಥ ತಿಕ್ಕಲಿಗೆ ಕಾಲೇಜು ಸಾಕು ಎಂದುಬಿಟ್ಟಿದ್ದರು.

"ಬೀಗ ಹಾಕಿತ್ತು ಸಾರ್," ಎಂದೆ.

ಮೇಷ್ಟ್ರು ಹಾಜರಿ ಪುಸ್ತಕ ತೆರೆದರು. "ಇವ್ಳು ಅವತ್ತು ಬಂದೇ ಇರ್ಲಿಲ್ಲ. ನೋಡಿ." ಆ ದಿನದ ಪುಟ ಹೊಸದಾಗಿತ್ತು. ನನ್ನ ಜೊತೆಗಿದ್ದ ನಾಲ್ವರೂ ಮತ್ತೆ ಬರೆದುಕೊಟ್ಟಿದ್ದರು, ಗೆಳತಿಯದನ್ನು ಮೇಷ್ಟ್ರೇ ನಕಲು ಮಾಡಿದ್ದರು. ನನ್ನ ವಾಕ್ಯ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಚಾಚಾಗೆ ತಡೆಯಲಾಗಲಿಲ್ಲ. "ಅರೇ, ಬೀಗ ಒಡ್ದು ಈ ಬೇಟೀನ ನಾನೇ ಜಡೆ ಹಿಡ್ದು ಎಳ್ದಿದ್ದು! ಬರ್ದೇ ಇರೋರ್ನ ಎಲ್ಲಿಂದ ಎಳೀಲಿ ಮೇಷ್ಟ್ರೇ?"

ಪೊಲೀಸರು ಅದನ್ನೂ ಬರೆದುಕೊಂಡರು. ಅಲ್ಲೇ ಇದ್ದ ಗೆಳತಿಯ ಅಪ್ಪ ಕೇಳಿಸಿಕೊಂಡರು. ಅವಳು ಕೋಲೂರಿಕೊಂಡು ಕಾಲೇಜಿಗೆ ಬಂದಳು.

ಮೇಷ್ಟ್ರು ತರೀಕೆರೆಗೆ ಹೊರಟುಹೋದರು. ಹೋದ ತಿಂಗಳು ತೀರಿಕೊಂಡರಂತೆ. ನಾನೀಗ ಅಜ್ಜಂಪುರದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಉದಾಹರಣೆಗೆ ಕೊಡುವ ರೈಲು ಅವರದು, ಬೋರ್ಡಿನ ಮೇಲಿನ ಅಕ್ಷರವೂ ಥೇಟ್ ಅವರದೇ. ಬಾಗಿಲಿಗೆ ಮಾತ್ರ ಒಂದು ಕಲ್ಲು ಒತ್ತಿಟ್ಟಿರುತ್ತೇನೆ.

ಅವತ್ತು ನಾನು ಬರೆದಿದ್ದು, ಎಂಟರೊಳಗೆ ಎಲ್ಲರೂ ಟೆಸ್ಟ್ ಮುಗಿಸಿರುತ್ತೇವೆ ಎಂದು. ಬೀಗ ಹಾಕುವ ಮುನ್ನ ನನ್ನೆದುರೇ ಓದಿ "ಗುಡ್" ಬರೆದಿದ್ದರು. ಪುಟ ಹರಿಯುವಾಗ ಅದು ಅವರ ಕಣ್ಣಿಗೆ ಬಿದ್ದಿರಲೇಬೇಕು.