ನಗು ನಿಲ್ಲುವುದಕ್ಕೆ ಕಾಯುವವನು

ಪತ್ರಿಕೆಯ ವ್ಯಂಗ್ಯಚಿತ್ರಗಾರನೆಂದರೆ ಕೂತಲ್ಲಿ ಕೂರದ ಪ್ರಾಣಿ. ಬೆರಳಿಗೆ ಮಸಿ, ಮೂಗಿಗೂ ಮಸಿ, ಕಿವಿಯ ಮೇಲೊಂದು ಪೆನ್ಸಿಲ್. ಅದನ್ನೇ ಮೇಜೆಲ್ಲ ಹುಡುಕುತ್ತಾನೆ. ತನ್ನ ಮದುವೆಯಲ್ಲೂ ಹುಡುಗಿಯನ್ನು ಬಿಟ್ಟು ಮಾವನ ಹುಬ್ಬನ್ನೇ ನೋಡುತ್ತಿದ್ದನಂತೆ. ಚಿತ್ರ ಮುಗಿದರೆ ಮೊದಲು ಕಚೇರಿ ಗುಡಿಸುವ ಅಮ್ಮನ ಮುಂದೆ ಹಿಡಿಯುತ್ತಾನೆ. ಆಕೆ ನಗದಿದ್ದರೆ ಹರಿದುಹಾಕುತ್ತಾನೆ. ನಗುತ್ತಲೇ ಹೋದರೂ ಹರಿದುಹಾಕುತ್ತಾನೆ. ನಗು ನಡುವೆ ನಿಲ್ಲಬೇಕು. "ಬರೀ ನಗ್ಸೋಕೆ ನಾನ್ಯಾಕಮ್ಮ, ಕಚಗುಳಿ ಸಾಲದಾ?" ಎನ್ನುತ್ತಾನೆ. ಒಂದು ದಿನ ಮೂರು ಚಿತ್ರ ಹರಿದಾಗಿತ್ತು, ಅಚ್ಚಿಗೆ ಕಾಲು ಗಂಟೆ ಉಳಿದಿತ್ತು. "ಆಯ್ತೇನಪ್ಪಾ? ಜಾಗ ಖಾಲಿ ಬಿಡ್ಲಾ?" ಎಂದು ಸಂಪಾದಕರು ಬಾಗಿಲಲ್ಲೇ ಕುಣಿಯುತ್ತಿದ್ದರು. ಅವನು ನಾಲ್ಕನೆಯದನ್ನು ಅಮ್ಮನ ಮುಂದೆ ಹಿಡಿದ. ಸೇತುವೆ ಕುಸಿದ ದೊಡ್ಡ ಮೋರಿಗೆ ಅಡ್ಡಲಾಗಿ ಮಲಗಿ ಮೇಯರ್ ಸಾಹೇಬರು ಗೊರಕೆ ಹೊಡೆಯುತ್ತಿದ್ದಾರೆ. ಜನ ಅವರ ಹೊಟ್ಟೆಯ ಗುಡ್ಡ ಹತ್ತಿ ದಾಟುತ್ತಿದ್ದಾರೆ. ಅಮ್ಮ ದಿನಾ ದಾಟುವ ಮೋರಿಯೇ ಅದು. "ಅಯ್ಯೋ, ಇವನ ಮನೆ ಹಾಳಾಗ!" ಎಂದು ಪೊರಕೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಉಸಿರು ಬಿಗಿಹಿಡಿದು ಕಾದ. ಆಕೆಯ ಕಣ್ಣು ಕೊನೆಯಲ್ಲಿ ದಾಟುತ್ತಿದ್ದ ಹೆಂಗಸಿನ ಮೇಲೆ ನಿಂತಿತು. ಎಲ್ಲರನ್ನೂ ಸೊಟ್ಟಗೆ ಬರೆದವನು ಅವಳೊಬ್ಬಳನ್ನು ಇದ್ದ ಹಾಗೇ ಬರೆದಿದ್ದ. ಸಾಹೇಬರಿಗೆ ಎಚ್ಚರವಾದೀತೆಂದು ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಚಪ್ಪಲಿಯ ಕಿತ್ತ ಬಾರಿಗೆ ಪಿನ್ನು ಚುಚ್ಚಿದ್ದಳು. ಅಮ್ಮ ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಅಂಥದೇ ಪಿನ್ನು. "ನಾವೂ ಹೀಗೇ ಅಲ್ವೇನಪ್ಪಾ, ಅವ್ರ ನಿದ್ದೆ ಕೆಡಬಾರ್ದು ಅಂತ..." ಎಂದಳು. "ನಿಂತೋಯ್ತು ಸಾರ್! ನಗು ನಿಂತೋಯ್ತು! ಅಚ್ಚಿಗೆ ತಗೊಳ್ಳಿ!" ಎಂದು ಕೂಗುತ್ತ ಅವನು ಓಡಿದ.